ಕೆಟ್ಟ ಸುದ್ದಿ ಮೊದಲು ನಿಮ್ಮ ಕಿವಿಗೇ ಬೀಳಲಿ

ಆಗಸ್ಟ್ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಸೀಮೆಯಲ್ಲಿ ತಂಬಾಕು ಬ್ಯಾರನ್‌ಗಳ ಒಲೆ ರಾತ್ರಿಯಿಡೀ ಉರಿಯುತ್ತದೆ. ಹೊಲದಿಂದ ಮುರಿದು ತಂದ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಸಾಲುಸಾಲಾಗಿ ನೇತುಹಾಕಿ, ಐದಾರು ದಿನ ಹದವಾದ ಶಾಖ ಕೊಡಬೇಕು. ಮೊದಲಿಗೆ 95 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಎಲೆ ಹಳದಿಗೆ ತಿರುಗಿದ ಮೇಲೆ ಮೆಲ್ಲಗೆ ಏರಿಸುತ್ತಾ ಹೋಗಿ, ಕಡೆಗೆ ನಡುದಿಂಡು ಒಣಗುವ ಹೊತ್ತಿಗೆ 160ರ ಸುಮಾರು. ಹಳದಿಯಾಗುವ ಮುನ್ನವೇ ಶಾಖ ಏರಿದರೆ ಸೊಪ್ಪು ಹಸಿರಾಗಿಯೇ ಉಳಿಯುತ್ತದೆ. ತೇವ ಆರುವುದು ತಡವಾದರೆ ಕಂದಾಗುತ್ತದೆ. ಎರಡಕ್ಕೂ ಹರಾಜಿನಲ್ಲಿ ದರ ಬೀಳುತ್ತದೆ.

ರಾತ್ರಿ ಎರಡು ಗಂಟೆಯ ಹೊತ್ತಿಗೆ ಸೌದೆ ಹಾಕುವವನಿಗೆ ಜೊಂಪು ಹತ್ತಿತು ಎಂದಿಟ್ಟುಕೊಳ್ಳಿ. ಎಚ್ಚರವಾಗಿ ನೋಡಿದರೆ ಥರ್ಮಾಮೀಟರ್ ಹತ್ತು ಡಿಗ್ರಿ ಮೇಲಿದೆ. ಅವನ ಮುಂದೆ ಎರಡು ದಾರಿ. ಓಡಿಹೋಗಿ ಯಜಮಾನರನ್ನು ಎಬ್ಬಿಸಬಹುದು. ಇಲ್ಲವೇ ಸದ್ದಿಲ್ಲದೆ ಉರಿ ಇಳಿಸಿ, ಏನೂ ಆಗಿಲ್ಲವೆಂಬಂತೆ ಕೂರಬಹುದು. ಎಬ್ಬಿಸಿದರೆ ಗಾಳಿಕಿಂಡಿ ನೋಡಿ, ಉರಿ ಸರಿಪಡಿಸಿ, ಉಳಿಸಿಕೊಳ್ಳುವಷ್ಟನ್ನಾದರೂ ಉಳಿಸಿಕೊಳ್ಳಬಹುದು. ಸುಮ್ಮನೆ ಕೂತರೆ ಯಜಮಾನರಿಗೆ ಗೊತ್ತಾಗುವುದು ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜು ಕಟ್ಟೆಯ ಮೇಲೆ ಬೇಲ್ ಬಿಚ್ಚಿದಾಗ. ಅಷ್ಟರಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಅವನು ಯಾವ ದಾರಿ ಹಿಡಿಯುತ್ತಾನೆ ಎಂಬುದು ಆ ರಾತ್ರಿ ತೀರ್ಮಾನವಾಗುವುದಿಲ್ಲ. ಹಿಂದಿನ ಸಲ ಇಂಥದ್ದೇ ಸುದ್ದಿ ತಂದಾಗ ಯಜಮಾನರು ಏನೆಂದರು ಎಂಬುದರ ಮೇಲೆ ಅದು ಆಗಲೇ ತೀರ್ಮಾನವಾಗಿರುತ್ತದೆ.

ಹತ್ತು ಜನರಿಂದ ಕೆಲಸ ತೆಗೆಯುವ ಯಾರೇ ಆಗಲಿ, ಗಾರ್ಮೆಂಟ್ಸ್ ಲೈನಿನ ಸೂಪರ್‌ವೈಸರ್, ಕೆ.ಆರ್.ನಗರದ ಅಕ್ಕಿ ಗಿರಣಿಯ ಮಾಲೀಕರು, ಕಬಿನಿ ಹಿನ್ನೀರಿನ ರೆಸಾರ್ಟ್ ಮ್ಯಾನೇಜರ್, ಡೇರಿಯ ಕಾರ್ಯದರ್ಶಿ, ಆಸ್ಪತ್ರೆಯ ನರ್ಸಿಂಗ್ ಇನ್‌ಚಾರ್ಜ್, ಎಲ್ಲರಿಗೂ ನಾನು ಹೇಳಬೇಕೆಂದಿರುವುದು ಒಂದೇ. ಕೆಲಸ ಹಂಚುವುದು, ಲೆಕ್ಕ ನೋಡುವುದು, ಟಾರ್ಗೆಟ್ ಮುಟ್ಟಿಸುವುದು ಆಮೇಲಿನ ಮಾತು. ಕೆಲಸ ಕೆಟ್ಟ ಸುದ್ದಿ ಮೊಟ್ಟಮೊದಲು ನಿಮ್ಮ ಕಿವಿಗೆ, ನಿಮ್ಮ ಕೆಳಗಿನವರ ಬಾಯಿಂದಲೇ ಬರುವಂತೆ ನೋಡಿಕೊಳ್ಳುವುದು ಮುಖ್ಯಸ್ಥರ ಮೊದಲ ಕೆಲಸ. ಅದೊಂದು ಸರಿಯಾದರೆ ಉಳಿದದ್ದನ್ನು ಸರಿಮಾಡಿಕೊಳ್ಳಲು ಹೊತ್ತು ಸಿಗುತ್ತದೆ.

ಒಂದು ಸೂಜಿಯ ಪಾಠ

ನಮ್ಮ ತಾಲೂಕುಗಳ ಸಾವಿರಾರು ಹೆಣ್ಣುಮಕ್ಕಳು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ರಫ್ತಿಗೆ ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹೊಲಿಗೆ ಯಂತ್ರದ ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಹುಡುಕಬೇಕು, ಜೋಡಿಸಿ ರಿಜಿಸ್ಟರಿನಲ್ಲಿ ಅಂಟಿಸಬೇಕು, ಆಮೇಲೆ ಹೊಸ ಸೂಜಿ ಪಡೆಯಬೇಕು. ಒಂದು ಚೂರು ಸಿಗದಿದ್ದರೂ ಅಲ್ಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟು ತಪಾಸಣೆ ಮಾಡಬೇಕು. ಮಗುವಿನ ಅಂಗಿಯಲ್ಲಿ ಉಕ್ಕಿನ ಚೂರು ಉಳಿದರೆ ಆಗುವ ಅನಾಹುತ ನೆನೆದರೆ ನಿಯಮ ಸರಿಯಾಗಿಯೇ ಇದೆ.

ಆದರೆ ಸೂಜಿ ಮುರಿದ ಟೈಲರ್‌ಗೆ ಏನಾಗುತ್ತದೆ? ಚೂರು ಹುಡುಕುವುದರಲ್ಲಿ ಹತ್ತು ನಿಮಿಷ ಹೋಗುತ್ತದೆ. ಗಂಟೆಯ ಟಾರ್ಗೆಟ್ ತಪ್ಪುತ್ತದೆ. ಸೂಪರ್‌ವೈಸರ್ ಬಂದು ಇಡೀ ಲೈನಿನ ಎದುರು ‘ಏನಮ್ಮ, ದಿನಾ ನಿಂದೇ ರಾಮಾಯಣ’ ಎಂದು ಗದರಿದರೆ, ಮುಂದಿನ ಸಲ ಸೂಜಿ ಮುರಿದಾಗ ಅವಳಾದರೂ ಏನು ಮಾಡಿಯಾಳು? ಮುಚ್ಚಿಡಬೇಕು ಅನ್ನಿಸಿದರೆ ಅದು ಅವಳ ಕೆಟ್ಟತನವಲ್ಲ. ಹಾಗೆ ಮಾಡಲು ಕಲಿಸಿದ್ದು ಆ ಗದರಿಕೆ. ‘ಸೂಜಿ ಮುರಿದದ್ದು ತಕ್ಷಣ ಹೇಳಿದ್ರಲ್ಲ ಅಕ್ಕ, ಒಳ್ಳೇದಾಯ್ತು, ಬನ್ನಿ ಹುಡುಕೋಣ’ ಎನ್ನುವ ಸೂಪರ್‌ವೈಸರ್ ಇದ್ದಲ್ಲಿ ಅದೇ ನಿಯಮ ತಾನಾಗಿ ಪಾಲನೆಯಾಗುತ್ತದೆ. ನಿಯಮ ಎರಡೂ ಕಡೆ ಒಂದೇ. ಅದನ್ನು ಉಳಿಸುವುದೂ ಕೆಡಿಸುವುದೂ ಆ ಮೊದಲ ಮಾತು.

ಹಾಗಾಗಿ ನನ್ನ ಮೊದಲ ಸಲಹೆ ಈ ಮೊದಲ ಮಾತಿನ ಬಗ್ಗೆಯೇ. ಯಾರಾದರೂ ತಪ್ಪಿನ ಸುದ್ದಿ ತಂದರೆ ಮೂರು ಹೆಜ್ಜೆ ಇರಲಿ, ಅದೇ ಕ್ರಮದಲ್ಲಿ ಇರಲಿ. ಹೇಳಿದ್ದಕ್ಕೆ ಮೆಚ್ಚುಗೆಯ ಒಂದು ಮಾತು. ಆಮೇಲೆ ಕೆಟ್ಟದ್ದನ್ನು ಸರಿಪಡಿಸುವ ಕೆಲಸ. ಯಾಕಾಯಿತು, ಹೇಗಾಯಿತು ಎಂಬ ವಿಚಾರಣೆ ಕೊನೆಗೆ, ಬೇರೆಯವರ ಎದುರಲ್ಲಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇದರರ್ಥ ಶಿಸ್ತು ಬೇಡವೆಂದಲ್ಲ. ಕೈತಪ್ಪು ಬೇರೆ, ಉಡಾಫೆ ಬೇರೆ, ವಂಚನೆ ಬೇರೆ. ಕೈತಪ್ಪಿಗೆ ಕಲಿಸಬೇಕು. ಉಡಾಫೆ ಮರುಕಳಿಸಿದರೆ ಎಚ್ಚರಿಕೆ ಕೊಡಬೇಕು. ವಂಚನೆಗೆ ಕ್ರಮ ಆಗಲೇಬೇಕು. ತಪ್ಪು ಮಾಡಿ ಹೇಳಿದವರಿಗೂ ತಪ್ಪು ಮಾಡಿ ಮುಚ್ಚಿಟ್ಟವರಿಗೂ ಒಂದೇ ಶಿಕ್ಷೆ ಕೊಟ್ಟರೆ ಮಾತ್ರ ಮುಚ್ಚಿಡುವುದೇ ಲಾಭವೆಂದು ನೀವೇ ಸಾರಿದಂತಾಗುತ್ತದೆ.

ನರಸಾಪುರದಲ್ಲಿ ಆದದ್ದು

ಸುದ್ದಿ ಮೇಲಕ್ಕೆ ಹೋಗದಿದ್ದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಕಣ್ಣೆದುರಿನ ಉದಾಹರಣೆಯಿದೆ. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಆಕ್ರೋಶ ಹಿಂಸೆಗೆ ತಿರುಗಿತು. ಗಾಜು ಪುಡಿಯಾಯಿತು, ವಾಹನಗಳು ಉರುಳಿದವು. ಹಿಂಸೆಗೆ ಸಮರ್ಥನೆಯಿಲ್ಲ. ಆದರೆ ಆಮೇಲೆ ಕಾರ್ಖಾನೆಗಳ ಇಲಾಖೆ ನಡೆಸಿದ ಪರಿಶೀಲನೆಯಲ್ಲಿ ಕಂಡದ್ದನ್ನು ಪ್ರತಿಯೊಬ್ಬ ಮ್ಯಾನೇಜರೂ ಓದಬೇಕು. ಅಲ್ಪ ಕಾಲದಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅಕ್ಟೋಬರ್‌ನಿಂದ 8 ಗಂಟೆಯ ಪಾಳಿಯನ್ನು 12 ಗಂಟೆಗೆ ಬದಲಿಸಲಾಗಿತ್ತು. ಹೊಸ ಪಾಳಿಯಲ್ಲಿ ಓಟಿ ಎಷ್ಟು, ಕೈಗೆ ಬರುವುದೆಷ್ಟು ಎಂಬುದು ಕಾರ್ಮಿಕರಿಗೆ ತಿಳಿದಿರಲಿಲ್ಲ. ಹಾಜರಿ ದಾಖಲಿಸುವ ವ್ಯವಸ್ಥೆಯಲ್ಲಿ ತೊಂದರೆಯಿತ್ತು. ಇಷ್ಟು ಜನರನ್ನು ನಿಭಾಯಿಸುವಷ್ಟು ಕಾನೂನು ತಿಳಿದ ಸಿಬ್ಬಂದಿ ಎಚ್‌ಆರ್ ವಿಭಾಗದಲ್ಲಿ ಇರಲಿಲ್ಲ. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಂದಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. ಭಾರತದ ವಹಿವಾಟು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು.

‘ಈ ತಿಂಗಳು ಸಂಬಳ ಕಡಿಮೆ ಬಂದಿದೆ’ ಎಂಬ ಮಾತು ಆ ಕಾರ್ಖಾನೆಯಲ್ಲಿ ಡಿಸೆಂಬರ್ 12ರಂದು ಮೊದಲ ಸಲ ಹುಟ್ಟಿದ್ದಲ್ಲ. ವಾರಗಟ್ಟಲೆ ಅದು ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಬಾಡಿಗೆ ರೂಮುಗಳಲ್ಲಿ ಓಡಾಡಿರಲೇಬೇಕು. ಅದಕ್ಕೆ ಉತ್ತರ ಕೊಡುವ ಅಧಿಕಾರವಿದ್ದವರ ಕಡೆಯಿಂದ ಪರಿಹಾರ ಬರಲಿಲ್ಲ.

2016ರ ಏಪ್ರಿಲ್‌ನಲ್ಲೂ ಇಂಥದ್ದೇ ಆಗಿತ್ತು. ಮಾಲೀಕರು ಕಟ್ಟುವ ಪಿಎಫ್ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶದ ವಿರುದ್ಧ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು. ಮಗಳ ಮದುವೆಗೋ, ಮನೆಯ ಸಾಲಕ್ಕೋ ಆ ಹಣವನ್ನೇ ನೆಚ್ಚಿಕೊಂಡವರು ಅವರು. ಅವರನ್ನು ಕೂರಿಸಿ ಆದೇಶ ವಿವರಿಸಿದವರಿರಲಿಲ್ಲ, ಅವರ ಕಷ್ಟ ಮೊದಲೇ ಕೇಳಿದವರೂ ಇರಲಿಲ್ಲ. 19ರ ಸಂಜೆಯೊಳಗೆ ಸರ್ಕಾರ ಆದೇಶವನ್ನು ಕೈಬಿಟ್ಟಿತು.

ಎರಡರಿಂದಲೂ ಕಲಿಯಬೇಕಾದ್ದು ಇಷ್ಟು. ಸಂಬಳ, ಪಾಳಿ, ರಜೆ, ಪಿಎಫ್, ಇವುಗಳಲ್ಲಿ ಏನೇ ಬದಲಾದರೂ ಬದಲಾಗುವ ಮುಂಚೆ ಹೇಳಿ. ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಹಾಕಿ. ಓದಲು ಬಾರದವರಿಗಾಗಿ ಪಾಳಿ ಶುರುವಾಗುವಾಗ ಬಾಯಲ್ಲೂ ಹೇಳಿ. ಬಿಹಾರ, ಒಡಿಶಾ, ಅಸ್ಸಾಂ ಕಡೆಯ ಕೆಲಸಗಾರರಿದ್ದರೆ ಅವರದೇ ಭಾಷೆ ಬಲ್ಲ ಒಬ್ಬರಿಂದ ಹೇಳಿಸಿ. ರಾತ್ರಿ ಹತ್ತಕ್ಕೆ ವಾಟ್ಸ್‌ಆಪ್ ಗುಂಪಿಗೆ ಇಂಗ್ಲಿಷಿನ ಪಿಡಿಎಫ್ ಹಾಕಿಬಿಟ್ಟರೆ ತಿಳಿಸಿದಂತಾಗುವುದಿಲ್ಲ. ‘ನಿಮ್ಮ ಕೈಗೆ ತಿಂಗಳಿಗೆ ಇಷ್ಟು ಬರುತ್ತಿತ್ತು, ಇನ್ನು ಇಷ್ಟು ಬರುತ್ತದೆ, ಕಾರಣ ಇದು’ ಎಂದು ಒಬ್ಬರ ಲೆಕ್ಕವನ್ನು ಎಲ್ಲರೆದುರು ಬಿಡಿಸಿ ತೋರಿಸಿ. ಸಂಬಳದ ದಿನ ಲೆಕ್ಕ ತಪ್ಪಿದರೆ ಯಾರನ್ನು ಕೇಳಬೇಕು, ಎಷ್ಟು ದಿನದೊಳಗೆ ಉತ್ತರ ಸಿಗುತ್ತದೆ ಎಂಬುದೂ ಅಲ್ಲೇ ಬರೆದಿರಲಿ.

‘ಅರ್ಥ ಆಯ್ತಾ?’ ಕೇಳಬೇಡಿ

ಇನ್ನು ಕೆಲಸ ಹೇಳುವ ರೀತಿ. ಹೇಳಿದ ಮೇಲೆ ‘ಅರ್ಥ ಆಯ್ತಾ?’ ಎಂದು ಕೇಳುವುದು ನಮ್ಮಲ್ಲಿ ರೂಢಿ. ‘ಆಯ್ತು ಸಾ’ ಎಂಬ ಉತ್ತರ ಖಂಡಿತ ಬರುತ್ತದೆ. ಅರ್ಥವಾಗಲಿಲ್ಲ ಎನ್ನುವುದು ದೊಡ್ಡವರಿಗೆ ಎದುರಾಡಿದಂತೆ ಎಂದು ತಿಳಿದೇ ಬೆಳೆದವರು ನಾವು. ಅದರ ಬದಲು ‘ಈಗ ಎಲ್ಲಿಂದ ಶುರು ಮಾಡ್ತೀರಿ, ಹೇಳಿ ನೋಡೋಣ’ ಎಂದು ಕೇಳಿ. ಅವರು ವಿವರಿಸುವಾಗ ನೀವು ಹೇಳದೆ ಬಿಟ್ಟದ್ದು, ಅವರಿಗೆ ಮುಟ್ಟದೆ ಹೋದದ್ದು ಎರಡೂ ಹೊರಬರುತ್ತವೆ.

ಕೆಲಸ ಹೇಳುವಾಗ ನಾಲ್ಕು ಸಂಗತಿ ತಪ್ಪದೆ ಬರಲಿ: ಏನು ಮಾಡಬೇಕು, ಯಾವಾಗಿನೊಳಗೆ, ಯಾಕೆ, ತೊಡಕಾದರೆ ಯಾರಿಗೆ ಹೇಳಬೇಕು. ಮೊದಲೆರಡನ್ನು ಎಲ್ಲರೂ ಹೇಳುತ್ತಾರೆ. ಕೊನೆಯೆರಡನ್ನು ಹೇಳುವವರು ಕಡಿಮೆ. ‘140 ಡಿಗ್ರಿ ದಾಟಿಸಬೇಡ’ ಎಂದಷ್ಟೇ ಹೇಳಿಸಿಕೊಂಡವನು ಅಂಕಿ ನೋಡುತ್ತಾನೆ. ‘ಎಲೆ ಒಣಗುವ ಮೊದಲು ಶಾಖ ಏರಿದರೆ ಬಣ್ಣ ಕೆಡುತ್ತದೆ, ಮೂರು ತಿಂಗಳ ದುಡಿಮೆ ಹೋಗುತ್ತದೆ; ಅನುಮಾನ ಬಂದರೆ ಎಷ್ಟೊತ್ತಿಗಾದರೂ ಎಬ್ಬಿಸು’ ಎಂದು ಹೇಳಿಸಿಕೊಂಡವನು ಸೊಪ್ಪನ್ನೂ ನೋಡುತ್ತಾನೆ. ಕಾರಣ ತಿಳಿದವನೇ ನೀವು ಊಹಿಸದ ಸಂದರ್ಭದಲ್ಲೂ ಸರಿಯಾಗಿ ನಡೆದುಕೊಳ್ಳಬಲ್ಲ.

ಹತ್ತಿರವಿರುವವನ ಮಾತು

ದಸರಾ ಗಜಪಯಣ ಹೊರಡುವುದು ಹುಣಸೂರು ತಾಲೂಕಿನ ವೀರನಹೊಸಹಳ್ಳಿಯಿಂದ. ಆನೆಗಳ ಜೊತೆ ಮಾವುತರು, ಕಾವಾಡಿಗಳು, ಅವರ ಹೆಂಡಿರು ಮಕ್ಕಳು ಮೈಸೂರಿಗೆ ಬರುತ್ತಾರೆ. ಬಂದ ಆನೆಗಳ ತೂಕ ನೋಡುತ್ತಾರೆ. ಆಮೇಲೆ ಮರಳು ಮೂಟೆ ಹೊರಿಸಿ, ಭಾರವನ್ನು ದಿನದಿಂದ ದಿನಕ್ಕೆ ಏರಿಸಿ, ಮರದ ಅಂಬಾರಿ ಕಟ್ಟಿ, ಕುಶಾಲತೋಪಿನ ಸದ್ದಿಗೆ ಒಗ್ಗಿಸಿ, ವಿಜಯದಶಮಿಯ ಹೊತ್ತಿಗೆ 750 ಕೆ.ಜಿ.ಯ ಚಿನ್ನದ ಅಂಬಾರಿಗೆ ಸಿದ್ಧ ಮಾಡುತ್ತಾರೆ. ಹೊಸ ಕೆಲಸಗಾರನ ಮೇಲೆ ಮೊದಲ ವಾರವೇ ಪೂರ್ತಿ ಟಾರ್ಗೆಟ್ ಹೊರಿಸುವವರು ಈ ಕ್ರಮವನ್ನು ಗಮನಿಸಬೇಕು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೆರವಣಿಗೆಯ ಯೋಜನೆ ಅಧಿಕಾರಿಗಳದ್ದು, ಔಷಧೋಪಚಾರ ಪಶುವೈದ್ಯರದ್ದು. ಆದರೆ ಆನೆ ಇವತ್ತು ಮೇವು ಬಿಟ್ಟಿದೆಯೇ, ಕಾಲು ಎತ್ತಿಡುವುದರಲ್ಲಿ ವ್ಯತ್ಯಾಸವಿದೆಯೇ, ಕಣ್ಣಿನಲ್ಲಿ ಬೆದರಿಕೆಯಿದೆಯೇ ಎಂದು ಮೊದಲು ಕಾಣುವುದು ಮಾವುತನಿಗೆ. ಹೆಚ್ಚಿನವರು ಜೇನುಕುರುಬ, ಬೆಟ್ಟಕುರುಬ ಹಾಡಿಗಳಿಂದ ಬಂದವರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರೂ ಅವರಲ್ಲಿದ್ದಾರೆ. ‘ಇವತ್ತು ಬೇಡ ಸಾರ್’ ಎಂದು ಅವರು ಹೇಳಬಲ್ಲರೇ, ಹೇಳಿದರೆ ಅಧಿಕಾರಿ ಕೇಳುತ್ತಾರೆಯೇ ಎಂಬುದರ ಮೇಲೆ ಲಕ್ಷಾಂತರ ಜನ ಸೇರುವ ಬೀದಿಯ ಸುರಕ್ಷತೆ ನಿಂತಿದೆ.

ಈ ಪಾಠಕ್ಕೆ ವಿಮಾನಯಾನ ಜಗತ್ತು ಕೊಟ್ಟ ಬೆಲೆ ಬಹಳ ದೊಡ್ಡದು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಕೆಎಲ್‌ಎಂ ವಿಮಾನ ಅನುಮತಿಯಿಲ್ಲದೆಯೇ ಹಾರಲು ಓಟ ಶುರುಮಾಡಿದಾಗ, ಎದುರಿನ ಪ್ಯಾನ್ ಆಮ್ ವಿಮಾನ ರನ್‌ವೇಯಿಂದ ಆಚೆ ಹೋಗಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಅನುಮಾನ ಎತ್ತಿದರು. ಕ್ಯಾಪ್ಟನ್ ಕಂಪನಿಯಲ್ಲೇ ಹಿರಿಯರು, ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವವರು. ಹೋಗಿದೆ ಎಂದು ಅವರು ಖಚಿತವಾಗಿ ಹೇಳಿದ ಮೇಲೆ ಎಂಜಿನಿಯರ್ ಮತ್ತೆ ಒತ್ತಾಯಿಸಲಿಲ್ಲ. ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಇಂಥ ಅಪಘಾತಗಳ ನಂತರ, ಕಿರಿಯರು ಅನುಮಾನವನ್ನು ಗಟ್ಟಿಯಾಗಿ ಹೇಳುವುದು ಹೇಗೆ, ಹಿರಿಯರು ಅದಕ್ಕೆ ಕಿವಿಗೊಡುವುದು ಹೇಗೆ ಎಂಬುದೇ ಪೈಲಟ್‌ಗಳ ತರಬೇತಿಯ ಭಾಗವಾಯಿತು.

ನಿಮ್ಮ ಗಿರಣಿಯಲ್ಲಿ, ರೆಸಾರ್ಟಿನಲ್ಲಿ ‘ನಿಲ್ಲಿಸಿ’ ಎನ್ನುವ ಅಧಿಕಾರ ಯಾರಿಗಿದೆ? ಬೆಲ್ಟ್ ಸದ್ದು ಬದಲಾದರೆ ಗಿರಣಿಯ ಹುಡುಗ ಮೋಟಾರ್ ಆರಿಸಬಹುದೇ? ಹಿನ್ನೀರಿನಲ್ಲಿ ಗಾಳಿ ಎದ್ದರೆ, ಅತಿಥಿಗಳು ಎಷ್ಟೇ ಒತ್ತಾಯಿಸಿದರೂ ದೋಣಿ ನಡೆಸುವವರು ‘ಈಗ ಹೊರಡಲ್ಲ’ ಎನ್ನಬಹುದೇ? ಹೌದು ಎಂದಾದರೆ ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಒಮ್ಮೆ ಹಾಗೆ ನಿಲ್ಲಿಸಿ, ಕೊನೆಗೆ ಅದು ಅನಗತ್ಯವಾಗಿತ್ತು ಎಂದು ತಿಳಿದರೂ ಬೈಯಬೇಡಿ. ಆ ಒಂದು ಬೈಗುಳ ಮುಂದಿನ ಹತ್ತು ಎಚ್ಚರಿಕೆಗಳನ್ನು ನುಂಗಿಹಾಕುತ್ತದೆ.

ಊರು ಒಂದೇ, ಬಸ್ಸು ಒಂದೇ

ನಮ್ಮ ತಾಲೂಕುಗಳ ಕೆಲಸದ ಜಾಗಕ್ಕೂ ದೊಡ್ಡ ನಗರದ ಕಚೇರಿಗೂ ಒಂದು ವ್ಯತ್ಯಾಸವಿದೆ. ಇಲ್ಲಿ ಕೆಲಸ ಕೊಡುವವರು, ಮಾಡುವವರು ಒಂದೇ ಊರಿನವರು, ಇಲ್ಲವೇ ನಂಟರು, ಇಲ್ಲವೇ ಮುಂಗಡ ಕೊಟ್ಟು ಪಡೆದವರು. ಲೈನಿನಲ್ಲಿ ಬೈಸಿಕೊಂಡ ಹೆಣ್ಣುಮಗಳು ಸಂಜೆ ಅದೇ ಬಸ್ಸಿನಲ್ಲಿ ಅದೇ ಊರಿನವರ ಜೊತೆ ಕೂತು ಹೋಗಬೇಕು. ಅವಮಾನ ಅವಳಿಗಿಂತ ಮೊದಲು ಮನೆ ತಲುಪಿರುತ್ತದೆ. ಆದ್ದರಿಂದ ಹೊಗಳಿಕೆ ನಾಲ್ಕು ಜನರ ಎದುರಿರಲಿ, ತಿದ್ದುವುದು ಪಕ್ಕಕ್ಕೆ ಕರೆದಿರಲಿ.

ಕರೆಯುವ ರೀತಿಯಲ್ಲೂ ಅಷ್ಟೇ. ವಯಸ್ಸಿನಲ್ಲಿ ಹಿರಿಯರನ್ನು ಹೋಗೋ ಬಾರೋ ಎನ್ನಬೇಡಿ. ಹೆಸರಿನ ಜೊತೆ ಅಣ್ಣ, ಅಕ್ಕ ಸೇರಿಸಿದರೆ ನಿಮ್ಮ ಅಧಿಕಾರ ಒಂದು ಕೂದಲೆಳೆಯಷ್ಟೂ ಕಡಿಮೆಯಾಗದು. ಹಾಡಿಗಳಿಂದ ಬರುವವರನ್ನು ಜಾತಿಯ ಹೆಸರು ಹಿಡಿದು ಕೂಗುವ ಕೆಟ್ಟ ಚಾಳಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದು ಇವತ್ತೇ ನಿಲ್ಲಬೇಕು. ಹೆಸರು ಹಿಡಿದು ಮರ್ಯಾದೆಯಿಂದ ಕರೆಸಿಕೊಳ್ಳದವರು ನಿಮ್ಮ ನಷ್ಟವನ್ನು ತಮ್ಮದೆಂದು ಯಾಕೆ ತಿಳಿದಾರು?

ಮೇಸ್ತ್ರಿ ಅಥವಾ ಸೂಪರ್‌ವೈಸರ್ ಒಬ್ಬರ ಮೂಲಕವೇ ಎಲ್ಲ ಸುದ್ದಿ ಬರುವ ಕಡೆ ಇನ್ನೊಂದು ಎಚ್ಚರಿಕೆ ಬೇಕು. ತನಗೆ ಬೈಗುಳ ತರುವ ಸುದ್ದಿಯನ್ನು ಯಾರೂ ಮೇಲಕ್ಕೆ ಕಳಿಸುವುದಿಲ್ಲ. ವಾರಕ್ಕೊಮ್ಮೆ ನೀವೇ ಕೆಲಸದ ಜಾಗಕ್ಕೆ ಹೋಗಿ ಹದಿನೈದು ನಿಮಿಷ ನಿಂತು ‘ಈ ವಾರ ಕೆಲಸಕ್ಕೆ ಏನು ಅಡ್ಡಿಯಾಯಿತು?’ ಎಂದು ಕೇಳಿ. ಉತ್ತರ ಬರೆದುಕೊಳ್ಳಿ. ಮುಂದಿನ ವಾರ ಹೋದಾಗ ಆ ಅಡ್ಡಿಯ ಬಗ್ಗೆ ಏನು ಮಾಡಿದಿರಿ ಎಂದು ನೀವೇ ಮೊದಲು ಹೇಳಿ. ಆಗದ ಕೆಲಸವಾದರೆ ಆಗದು ಎಂದು ಕಾರಣ ಸಮೇತ ಹೇಳಿ. ‘ನೋಡೋಣ’ ಎಂದು ತಿಂಗಳುಗಟ್ಟಲೆ ತೇಲಿಸುವುದಕ್ಕಿಂತ ‘ಇಲ್ಲ’ ಎಂಬ ನೇರ ಮಾತನ್ನು ಜನ ಒಪ್ಪುತ್ತಾರೆ. ಹಾಗೆ ಹೋದಾಗ ಮೇಸ್ತ್ರಿಯ ಮೇಲಿನ ದೂರನ್ನು ಅವರೆದುರೇ ಕೆದಕಿ ಅವರನ್ನು ಚಿಕ್ಕವರನ್ನಾಗಿ ಮಾಡಬೇಡಿ. ಅವರಿಗೂ ನಿಮ್ಮ ಬಳಿ ಕೆಟ್ಟ ಸುದ್ದಿ ತರುವ ಧೈರ್ಯ ಉಳಿಯಬೇಕು.

ಕೆಲವು ಸುದ್ದಿ ನಿಮ್ಮ ಬಳಿಗೆ ಬರಲಾರದು, ಬರಬೇಕೂ ಇಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಮಹಿಳೆಯೇ ಅದರ ಅಧ್ಯಕ್ಷರಾಗಬೇಕು, ಹೊರಗಿನ ಸದಸ್ಯರೊಬ್ಬರಿರಬೇಕು. ಹೆಣ್ಣುಮಕ್ಕಳೇ ಹೆಚ್ಚಿರುವ ನಮ್ಮ ಕಾರ್ಖಾನೆಗಳಲ್ಲಿ ಆ ಸಮಿತಿಯವರ ಹೆಸರು, ಫೋನ್ ನಂಬರ್ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ತೋರಿಸಬೇಕು.

ಕೇಳಿಸಿಕೊಂಡ ಸರ್ಕಾರ

ಇದೆಲ್ಲ ಹೊರಗಿನಿಂದ ತಂದ ಮ್ಯಾನೇಜ್‌ಮೆಂಟ್ ಪಾಠವೆಂದು ಯಾರಿಗಾದರೂ ಅನ್ನಿಸಿದರೆ, ಹುಣಸೂರು ತಾಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರನ್ನು ನೆನೆಯಬೇಕು. ಅವರು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರ ಅರ್ಜಿ ತೀರ್ಮಾನಿಸಲು ಭೂ ನ್ಯಾಯಮಂಡಳಿಗಳು ರಚನೆಯಾದವು. ಅವುಗಳ ಮುಂದೆ ವಕೀಲರು ವಾದಿಸುವಂತಿಲ್ಲ ಎಂದು ಆರಂಭದಲ್ಲಿ ಕಾಯ್ದೆಯಲ್ಲೇ ಇತ್ತು. ವಕೀಲರನ್ನು ಇಡುವ ಶಕ್ತಿ ಭೂಮಾಲೀಕರಿಗಿತ್ತು, ಗೇಣಿದಾರನಿಗಿರಲಿಲ್ಲ. ಉಳುವವನು ತಾನೇ ನಿಂತು, ತನ್ನ ಮಾತಿನಲ್ಲೇ ‘ಈ ಹೊಲ ನಾನು ಉಳ್ತಾ ಬಂದಿದ್ದೀನಿ’ ಎಂದು ಹೇಳಬಹುದಾಗಿತ್ತು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ಅಧಿಕಾರಿಗಳಲ್ಲದ ಸದಸ್ಯರೂ ಇದ್ದು, ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ರಾಜ್ಯದಾದ್ಯಂತ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಕೆಳಗಿನವನ ಮಾತು ನಡುವೆ ಯಾರೂ ತಿರುಚದೆ ಮೇಲಕ್ಕೆ ಮುಟ್ಟಬೇಕಾದರೆ ಅದಕ್ಕೆ ತಕ್ಕ ಏರ್ಪಾಡು ಬೇಕು, ಬರೀ ಒಳ್ಳೆಯ ಮನಸ್ಸು ಸಾಲದು ಎಂಬ ಅರಿವು ಆ ಕಾಯ್ದೆಯಲ್ಲಿತ್ತು.

ಒಂದು ರಾಜ್ಯಕ್ಕೆ ಸಾಧ್ಯವಾದದ್ದು ನಲವತ್ತು ಜನರ ಗಿರಣಿಗೆ, ಇನ್ನೂರು ಜನರ ಲೈನಿಗೆ ಅಸಾಧ್ಯವಲ್ಲ. ಖರ್ಚಿಲ್ಲದೆ ಈ ವಾರವೇ ಶುರುಮಾಡಬಹುದು. ನಾಳೆ ಬೆಳಗ್ಗೆ ಪಾಳಿ ಆರಂಭವಾಗುವಾಗ ನಿಮ್ಮವರನ್ನು ಕರೆದು ಹೇಳಿ: ‘ಏನಾದರೂ ಕೆಟ್ಟರೆ ಮೊದಲು ನನಗೆ ಹೇಳಿ. ಹೇಳಿದವರಿಗೆ ಅದರಿಂದ ತೊಂದರೆಯಾಗಲು ನಾನು ಬಿಡುವುದಿಲ್ಲ.’ ಜನ ಅದನ್ನು ತಕ್ಷಣ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಒಬ್ಬರು ಪರೀಕ್ಷೆಗೆಂದೇ ಒಂದು ಸಣ್ಣ ಕೆಟ್ಟ ಸುದ್ದಿ ತರುತ್ತಾರೆ. ಆಗ ನೀವು ಕೊಟ್ಟ ಮಾತಿನಂತೆ ನಡೆದುಕೊಂಡರೆ, ದೊಡ್ಡ ಸುದ್ದಿ ಬರುವ ದಿನ ಅದೂ ಮೊದಲು ನಿಮ್ಮ ಬಳಿಗೇ ಬರುತ್ತದೆ.